ಉಂಡೆಗೆ ಮೊಟ್ಟೆ ಬೇಕೇ

ನಮ್ಮ ಮನೆಯಲ್ಲಿ ದೋಸೆಹಿಟ್ಟು ಹುದುಗು ಬರುವುದು ಹೆಬ್ಬಾವಿನ ನೆತ್ತಿಯ ಮೇಲೆ. ಬೆಚ್ಚಿಬೀಳಬೇಡಿ. ವುಲ್ವರ್‌ಹ್ಯಾಂಪ್ಟನ್ನಿನ ಚಳಿಗಾಲದಲ್ಲಿ ಹಿಟ್ಟು ರುಬ್ಬಿ ಅಡುಗೆಮನೆಯಲ್ಲಿಟ್ಟರೆ ಅದು ಮರುದಿನವೂ ಮುಖ ಗಂಟಿಕ್ಕಿಕೊಂಡು ಪಾತ್ರೆಯ ತಳದಲ್ಲೇ ಕೂತಿರುತ್ತದೆ; ಇಡೀ ಮನೆಯಲ್ಲಿ ಹಗಲಿರುಳೂ ಬೆಚ್ಚಗಿರುವ ಜಾಗವೆಂದರೆ ಮಹಡಿಯ ಚಿಕ್ಕ ಕೋಣೆಯಲ್ಲಿರುವ ಹಾವಿನ ಪೆಟ್ಟಿಗೆಯೊಂದೇ. ಅದರ ಮೇಲೆ ಪಾತ್ರೆಯಿಟ್ಟರೆ ಬೆಳಗಾಗುವಷ್ಟರಲ್ಲಿ ಹಿಟ್ಟು ಮುಚ್ಚಳವನ್ನೇ ಎತ್ತಿ ಇಣುಕುತ್ತದೆ. ಊಟಕ್ಕೆ ಬಂದವರಿಗೆ ಈ ಸಂಗತಿಯನ್ನು ಎರಡನೆಯ ದೋಸೆ ಮುಗಿಯುವ ತನಕ ನಾವು ಹೇಳುವುದಿಲ್ಲ.

ಹಾವು ನಾವು ಬಯಸಿ ತಂದದ್ದಲ್ಲ. ದಾವಣಗೆರೆಯ ಹುಡುಗನೊಬ್ಬ ಇಲ್ಲಿ ಎಂಎಸ್ಸಿ ಓದುವಾಗ ಸಾಕಿಕೊಂಡಿದ್ದ, ವೀಸಾ ಮುಗಿದು ಊರಿಗೆ ಹೊರಟಾಗ ನಮ್ಮ ಮನೆಯಲ್ಲಿ ಬಿಟ್ಟುಹೋದ. ಯಾರಾದರೂ ಮುಟ್ಟಿದರೆ ತಲೆಯನ್ನು ಸುರುಳಿಯ ನಡುವೆ ಬಚ್ಚಿಟ್ಟುಕೊಂಡು ದುಂಡಗಾಗಿಬಿಡುವ ಜಾತಿ ಇದು. ಅದಕ್ಕೇ ಇಲ್ಲಿಯವರು ಬಾಲ್ ಪೈಥಾನ್ ಅನ್ನುತ್ತಾರೆ, ನಾವು ಉಂಡೆ ಎಂದೆವು. ಕಾರ್ಕಳದಲ್ಲಿರುವ ನಮ್ಮತ್ತೆ ಸುದ್ದಿ ಕೇಳಿದಾಗ ಗಾಬರಿಯಾಗುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಅದಕ್ಕೆ ಹೆಡೆ ಉಂಟಾ?" ಇಲ್ಲ ಎಂದೆ. "ಹಾಗಾದ್ರೆ ಅದು ನಾಗ ಅಲ್ಲ ಮಾರಾಯ್ತಿ, ಮೈಲಿಗೆ ಗೀಲಿಗೆ ಎಂತದೂ ಇಲ್ಲ. ಪಂಚಮಿ ದಿನ ಒಂದು ಇಲಿ ಹಾಕ್ಬೇಡ, ಸಾಕು." ಅಂದಿನಿಂದ ನಮ್ಮ ಉಂಡೆ ವರ್ಷಕ್ಕೊಂದು ದಿನ ಕಡ್ಡಾಯವಾಗಿ ಉಪವಾಸ ಮಾಡುತ್ತಾಳೆ.

ಹೀಗೆ ನೆಮ್ಮದಿಯಾಗಿದ್ದ ಮನೆಗೆ ಚಡಪಡಿಕೆ ಬಂದದ್ದು ಡಿಡ್ಸ್‌ಬರಿಯಿಂದ. ಹಾವು ಸಾಕುವವರ ಗುಂಪಿನಲ್ಲಿ ಪರಿಚಯವಾದ, ಆ ಊರಿನ ಹೆಲೆನ್ ಎಂಬ ಹೆಂಗಸಿನ ಬಳಿ ಇದೇ ಜಾತಿಯ ಗಂಡುಹಾವು ಇದೆ. ಉಂಡೆ ಬೆಳೆದು ದಷ್ಟಪುಷ್ಟಳಾಗಿದ್ದಾಳೆ, ಬೇಕಿದ್ದರೆ ಚಳಿಗಾಲಕ್ಕೆ ಗಂಡನ್ನು ನಿಮ್ಮಲ್ಲಿಗೆ ಕಳಿಸುತ್ತೇನೆ, ಮರಿಗಳಲ್ಲಿ ಅರ್ಧ ನನಗಿರಲಿ ಎಂದಳು. ನನ್ನ ಗಂಡ ಗಿರೀಶ ಡರ್ಬಿಯಲ್ಲಿ ವಿಮಾನದ ಎಂಜಿನ್ನುಗಳ ನಡುವೆ ಕೆಲಸ ಮಾಡುವವನು. ಯಾವುದನ್ನೂ ಅರೆಬರೆ ಮಾಡಿ ಗೊತ್ತಿಲ್ಲ. ಯಾವ ಬಣ್ಣದ ತಂದೆಗೆ ಯಾವ ಬಣ್ಣದ ಮಕ್ಕಳು ಎಂದು ಊಟದ ನಡುವೆಯೂ ಲೆಕ್ಕ ಹಾಕತೊಡಗಿದ. ನಾನು ಹೂಂ ಅನ್ನುವುದಕ್ಕೂ ಮೊದಲೇ ಯಾರದೋ ಗ್ಯಾರೇಜಿನಿಂದ, ಮೊಟ್ಟೆಗೆ ಕಾವು ಕೊಡುವ ಹಳೆಯ ಇನ್‌ಕ್ಯುಬೇಟರನ್ನು ತಂದಿಟ್ಟ. ಸರಿಯಾಗಿ ಬಿಸಿಯಾಗುತ್ತದೆಯೇ ಎಂದು ನೋಡಲು ಹಾವಿನ ಮೊಟ್ಟೆ ಎಲ್ಲಿಂದ ಬರಬೇಕು? ಇಡ್ಲಿಹಿಟ್ಟು ಇಟ್ಟ. ಹಿಟ್ಟು ಉಕ್ಕಿ ಒಳಗಿನ ತಂತಿಗಳನ್ನೆಲ್ಲ ಅಪ್ಪಿಕೊಂಡಿತು; ಆ ಯಂತ್ರಕ್ಕೆ ಇಂದಿಗೂ ಉಡುಪಿ ಹೋಟೆಲಿನ ಹಿಂಬಾಗಿಲ ವಾಸನೆಯಿದೆ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು" ಎಂದು ಅದನ್ನು ಒರೆಸುತ್ತ ನಗುತ್ತಲೇ ಅಂದೆ. ಅಂದಮೇಲೆ ಇಬ್ಬರೂ ನಗಲಿಲ್ಲ.

ಆ ಚಿಕ್ಕ ಕೋಣೆಗೆ ತಿಳಿಹಳದಿ ಬಣ್ಣ ಬಳಿದದ್ದು ಹಾವಿಗಾಗಿ ಅಲ್ಲ. ನಮಗೆ ಮಕ್ಕಳಿಲ್ಲ. ಇಲ್ಲಿ ಕ್ಲಿನಿಕ್ಕಿಗೆ ಅಲೆದದ್ದಾಯಿತು, ಊರಿನಲ್ಲಿ ಅತ್ತೆ ಮುಂದೆ ನಿಂತು ನಾಗನಿಗೆ ಆಶ್ಲೇಷಾ ಬಲಿಯ ಪೂಜೆ ಮಾಡಿಸಿದ್ದಾಯಿತು. ಸಂತಾನಕ್ಕೆ ನಾಗನೇ ದಾರಿ ಬಿಡಬೇಕೆಂದು ಅವರ ಕಡೆಯ ನಂಬಿಕೆ. ಪೂಜೆಗೆ ಬರೆದ ಮಂಡಲದ ಮುಂದೆ ಹೊಗೆಗೆ ಕಣ್ಣುರಿಸಿಕೊಂಡು ಕೂತಿದ್ದಾಗಲೂ, ಕ್ಲಿನಿಕ್ಕಿನ ಮಂಚದಲ್ಲಿ ಸೂರು ನೋಡುತ್ತ ಮಲಗಿದ್ದಾಗಲೂ ನನ್ನ ಮೈ ನನ್ನದಲ್ಲ, ಯಾವುದೋ ಸಮಿತಿಯ ಆಸ್ತಿ ಅನ್ನಿಸುತ್ತಿತ್ತು. ಕಡೆಯ ಸಲ ಚಿಕಿತ್ಸೆ ಸೋತಮೇಲೆ ಗಿರೀಶ "ಇನ್ನೊಂದು ಸಲ ನೋಡೋಣ್ವಾ?" ಎಂದಿದ್ದ. "ನೋಡೋಣ" ಎಂದಿದ್ದೆ. ಆ "ನೋಡೋಣ" ವರ್ಷಗಳಿಂದ ನಮ್ಮಿಬ್ಬರ ನಡುವೆ ಹಾಗೇ ಇದೆ, ಯಾರೂ ಅದನ್ನು ಎತ್ತುವುದೂ ಇಲ್ಲ, ಇಳಿಸುವುದೂ ಇಲ್ಲ.

ಈಗ ಅದೇ ಕೋಣೆಯಲ್ಲಿ ಮೊಟ್ಟೆಯಿಡಿಸುವ ಮಾತು. ಬೆಳಿಗ್ಗೆ ಬೇಕೆನ್ನಿಸುತ್ತದೆ, ಸಂಜೆಗೆ ಬೇಡವೆನ್ನಿಸುತ್ತದೆ. ನಾನು ಅರಿವಳಿಕೆ ತಜ್ಞೆ. ಹತ್ತಾರು ಜನರನ್ನು ನಿಶ್ಚಿಂತೆಯಿಂದ ಮಲಗಿಸುವವಳಿಗೆ ತನ್ನ ಮನಸ್ಸನ್ನು ಒಂದು ಗಳಿಗೆ ಮಲಗಿಸಲು ಆಗುತ್ತಿಲ್ಲ ನೋಡಿ. ಆಸ್ಪತ್ರೆಯ ಬಿಡುವಿನಲ್ಲಿ ಚಹಾ ಆರಿಸಿಕೊಂಡು, ಮರಿಗಳು ಮೊಟ್ಟೆ ಸೀಳಿ ಮೂತಿ ಹೊರಹಾಕುವ ವಿಡಿಯೊ ನೋಡುತ್ತೇನೆ. ಮನೆಗೆ ಬಂದು ಉಂಡೆಯನ್ನು ತೋಳಿಗೆ ಸುತ್ತಿಕೊಂಡು ಮೆಟ್ಟಿಲು ಹತ್ತಿಳಿಯುತ್ತೇನೆ. ಅವಳಿಗೆ ಇದಾವುದೂ ಗೊತ್ತಿಲ್ಲ, ನಾಲಗೆ ಚಾಚಿ ನನ್ನ ಮಣಿಕಟ್ಟಿನ ಸುದ್ದಿ ಕೇಳಿಕೊಂಡು ಮತ್ತೆ ಸುಮ್ಮನಾಗುತ್ತಾಳೆ.

ಓದಿದಷ್ಟೂ ಕಳವಳ ಹೆಚ್ಚಿತು. ಬಸುರಿನಲ್ಲಿ ತಿಂಗಳುಗಟ್ಟಲೆ ಊಟ ಬಿಡುತ್ತಾಳಂತೆ. ಕೆಲವೊಮ್ಮೆ ಮೊಟ್ಟೆ ಒಳಗೇ ಸಿಕ್ಕಿ ಪ್ರಾಣಕ್ಕೆ ಕುತ್ತು ಬರುತ್ತದಂತೆ. ಹುಟ್ಟುವ ಮರಿಗಳು ಮೂವತ್ತು ವರ್ಷ ಬಾಳುವಂಥವು, ಮನೆ ಕಾಣದ ಹಾವುಗಳು ಆಶ್ರಯಧಾಮಗಳಲ್ಲಿ ಈಗಾಗಲೇ ಸಾಲುಗಟ್ಟಿವೆ. ಇವೆಲ್ಲ ಬುದ್ಧಿಯ ಮಾತಾಯಿತು. ಕರುಳಿಗೆ ತಾಗಿದ್ದು ಇನ್ನೊಂದು. ಮೊಟ್ಟೆಯಿಟ್ಟ ತಾಯಿ ಅವುಗಳ ಸುತ್ತ ಸುರುಳಿಯಾಗಿ ಮೈಕಾವು ಕಾಯ್ದುಕೊಂಡು ಕೂರುತ್ತಾಳೆ. ಸಾಕುವವರು ಆ ಸುರುಳಿಯನ್ನು ಮೆಲ್ಲಗೆ ಬಿಡಿಸಿ ಮೊಟ್ಟೆಗಳನ್ನು ಯಂತ್ರಕ್ಕೆ ಸಾಗಿಸುತ್ತಾರೆ, ಆಮೇಲೆ ಅವಳ ಮೈಯನ್ನೂ ಪೆಟ್ಟಿಗೆಯನ್ನೂ ಚೆನ್ನಾಗಿ ತೊಳೆಯುತ್ತಾರೆ. ಮೊಟ್ಟೆಯ ವಾಸನೆ ಹೋದರೆ ಮರೆತು ಊಟಕ್ಕೆ ತೊಡಗುತ್ತಾಳೆ ಎಂಬುದು ಅದರ ತರ್ಕ. ಅದನ್ನೋದಿ ನಾನು ಫೋನನ್ನು ಮಗುಚಿಟ್ಟು ಅತ್ತುಬಿಟ್ಟೆ. ವಾಸನೆ ತೊಳೆದರೆ ಮರೆಯುವಷ್ಟು ಸುಲಭವಾಗಿದ್ದರೆ ನಾನು ಎಂದೋ ಮರೆತಿರುತ್ತಿದ್ದೆ.

ಭಾನುವಾರ ಫೋನಿನ ಮಾತಿನ ನಡುವೆ ಹೆಲೆನ್ ಕೇಳಿದ್ದನ್ನು ಅತ್ತೆಗೆ ಹೇಳಿಬಿಟ್ಟೆ. ನಾಗನಿಗೆ ಅಷ್ಟೊಂದು ಹರಕೆ ಹೊತ್ತವರು, ಮೊಟ್ಟೆ ಎಂದರೆ ಹಿಗ್ಗುತ್ತಾರೆ, ಶುಭಸೂಚನೆ ಅನ್ನುತ್ತಾರೆ, ಆಮೇಲೆ ಆ ನಂಬಿಕೆಯನ್ನು ಬೈದುಕೊಂಡು ನಾನು ಹಗುರಾಗಬಹುದು ಎಂಬುದು ಒಳಗಿನ ಲೆಕ್ಕಾಚಾರ.

"ಅದಕ್ಕೆ ಬೇಕಂತಾ?" ಎಂದರು ಅತ್ತೆ.

"ಹಾವಿನ ಹತ್ರ ಹೇಗೆ ಕೇಳೋದು ಅತ್ತೆ?"

"ಅದಕ್ಕೆ ಬಾಯಿ ಇಲ್ಲ, ಸರಿ." ಅವರು ಫ್ಯಾನು ಆರಿಸಿದ್ದು ಕೇಳಿಸಿತು. "ನಿನಗೆ ಬಾಯಿ ಇತ್ತು. ಆಗ ನಿನ್ನ ಹತ್ರವಾದ್ರೂ ಒಂದು ಮಾತು ಕೇಳ್ಬೇಕಿತ್ತು ನಾನು. ಕೇಳ್ಲೇ ಇಲ್ಲ. ಬಲಿಗೆ ಕೂತ್ಕೋ ಅಂದೆ, ನೀನು ಕೂತೆ." ಮರುಗಳಿಗೆಯೇ ಅಲ್ಲಿ ಚಳಿ ಹೇಗುಂಟು, ಹೀಟರು ಹಾಕಿದ್ದೀರಾ ಎಂದು ವಿಚಾರಿಸಿ ಫೋನಿಟ್ಟರು.

ಅಡುಗೆಮನೆಯಲ್ಲಿ ಗಿರೀಶ ಈರುಳ್ಳಿ ಹೆಚ್ಚುತ್ತಿದ್ದ. ಬಾಗಿಲಲ್ಲಿ ನಿಂತು, "ಹೆಲೆನ್‌ಗೆ ಬೇಡ ಅಂತ ಹೇಳಿಬಿಡು" ಎಂದೆ. ಅವನು ಚಾಕು ಕೆಳಗಿಟ್ಟ. ವಾದಿಸುತ್ತಾನೆಂದುಕೊಂಡೆ, ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಹಾವಿನ ವಿಷಯ ಮಾತ್ರ ತಾನೆ?"

"ಅಲ್ಲ" ಎಂದೆ. "ಇನ್ನೊಂದು ಸಲ ನೋಡೋಣ ಅಂದಿದ್ದೆನಲ್ಲ, ಅದೂ ಬೇಡ ಗಿರೀಶ. ನನಗೆ ಸಾಕಾಗಿದೆ."

ಅವನು ಕೈ ತೊಳೆದ, ಒರೆಸಿಕೊಂಡ, ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡ. ಆಮೇಲೆ ಕುರ್ಚಿ ಎಳೆದು ನನ್ನನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತು, "ನನಗೂ ಸಾಕಾಗಿತ್ತು ಕಣೆ" ಎಂದ. "ನಿನಗೆ ಬೇಕಿರಬಹುದು ಅಂತ ಸುಮ್ಮನಿದ್ದೆ."