ಮುರಿದ ಹಳಿ, ತಪ್ಪಿ ಕೇಳಿದ ಮಾತು

ಕಲ್ಲಿದ್ದಲಿನ ವ್ಯಾಗನ್‌ಗಳು ಭತ್ತದ ಗದ್ದೆಯಲ್ಲಿ ಅಡ್ಡಬಿದ್ದಿದ್ದವು. ಸವದತ್ತಿಯವಳಾದ ನಾನು ಮುರಿದ ಹಳಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ನಮ್ಮೂರಿಗೆ ರೈಲೇ ಇಲ್ಲ. ರೈಲು ನೋಡಬೇಕೆಂದರೆ ಧಾರವಾಡದ ಬಸ್ಸು ಹತ್ತಬೇಕು. ಅಂಥವಳನ್ನು ರೈಲ್ವೆ ಕೆಲಸಕ್ಕೆಂದು ಒಡಿಶಾಕ್ಕೆ ಕಳಿಸಿ, ಹಳಿ ಯಾಕೆ ಮುರಿಯಿತು ಹೇಳು ಅಂದರೆ ಯಾರಿಗಾದರೂ ನಗು ಬಂದೀತು.

ಕೆಲಸವನ್ನೇನೋ ಬೇಗ ಕಲಿತೆ. ಮುರಿದ ಮುಖ ಪೂರ್ತಿ ಹೊಳೆಯುತ್ತಿದ್ದರೆ ಹೊಸ ಮುರಿತ. ಒಳಗೆ ತುಕ್ಕಿನ ಕಲೆಯಿದ್ದರೆ ಬಿರುಕು ಹಳೆಯದು, ಚಳಿಗೆ ಹಳಿ ಕುಗ್ಗಿದಾಗ ಕೈಕೊಟ್ಟಿದೆ. ಊಟ ಮಾತ್ರ ಒಗ್ಗಲಿಲ್ಲ. ಇಲ್ಲಿಯವರ ಪಖಾಳ, ಅಂದರೆ ನೀರಲ್ಲಿ ನೆನೆಸಿ ಹುಳಿ ಬರಿಸಿದ ಅನ್ನ, ಜೋಳದ ರೊಟ್ಟಿ ಉಂಡು ಬೆಳೆದ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಡಿಯಾ ಭಾಷೆ ಸುಲಭ ಅನಿಸಿತ್ತು. ಎಷ್ಟೋ ಶಬ್ದ ನಮ್ಮವೇ ಎಂದು ಬೀಗುತ್ತಿದ್ದೆ.

ಗಾಡಿ ಉರುಳಿದ ಆ ಬೆಳಿಗ್ಗೆ ಬಿರುಕನ್ನು ಮೊದಲು ಕಂಡವರು ದೈತಾರಿ ಭಾಯಿ, ದಿನವೂ ಹಳಿಯುದ್ದಕ್ಕೂ ನಡೆದು ನೋಡುವ ಕೀಮ್ಯಾನ್. ಹಾಗಾದರೆ ಗಾಡಿ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ.

"ಮು ಚೇಷ್ಟಾ ಕರಿಥಿಲಿ," ಅಂದರು.

ಚೇಷ್ಟೆ ಮಾಡುತ್ತಿದ್ದರಂತೆ. ನನಗೆ ಪಿತ್ತ ನೆತ್ತಿಗೇರಿತು. ಹಳಿ ದುರಸ್ತಿಯ ಗ್ಯಾಂಗಿನವರೆಲ್ಲರ ಮುಂದೆ ಬಾಯಿಗೆ ಬಂದಂತೆ ಬೈದೆ. ಕೆಲಸದ ಹೊತ್ತಿನಲ್ಲಿ ಆಟವಾಡುತ್ತಿದ್ದುದನ್ನು ಅವರೇ ಒಪ್ಪಿದ್ದಾರೆ ಎಂದು ಮೇಲಿನವರಿಗೂ ಬರೆದು ತಿಳಿಸಿದೆ. ಸಂಜೆಯೊಳಗೆ ಅವರನ್ನು ಕೆಲಸದಿಂದ ದೂರ ಇಟ್ಟರು.

ಮರುದಿನ ನಾನಿದ್ದ ಬಾಡಿಗೆ ಮನೆಯ ಒಡತಿ ನನ್ನ ಮುಂದೆ ಪಖಾಳದ ಬಟ್ಟಲಿಟ್ಟು, "ಟಿಕೆ ಚೇಷ್ಟಾ ಕರ," ಅಂದರು. ಅನ್ನದ ಜೊತೆ ಎಂಥ ಚೇಷ್ಟೆ ಎಂದು ನಕ್ಕೆ. ಸ್ವಲ್ಪ ಪ್ರಯತ್ನ ಮಾಡಿ ನೋಡು ಅಂದೆ ಅಷ್ಟೆ, ಎಂದು ಅವರು ಹಿಂದಿಯಲ್ಲಿ ಬಿಡಿಸಿ ಹೇಳಿದರು.

ಕೈಯ ತುತ್ತು ಕೈಯಲ್ಲೇ ಉಳಿಯಿತು. ಎದ್ದು ಹೋಗಿ ಗ್ಯಾಂಗಿನವರನ್ನು ಕೇಳಿದೆ. ದೈತಾರಿ ಭಾಯಿ ಕೆಂಪು ಬಾವುಟ ಹಿಡಿದು ಗಾಡಿಗೆ ಎದುರಾಗಿ ಓಡಿದ್ದರಂತೆ. ಮಂಜಿನಲ್ಲಿ ಚಾಲಕನಿಗೆ ಕಾಣಲಿಲ್ಲ. ನಾಚಿಕೆಯಿಂದ ನನಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಅಪ್ಪನಿಗೆ ಫೋನು ಮಾಡಿ ಅತ್ತೆ.

"ಮಂದಿ ಮುಂದ ಬೈದೀದಿ, ಮಂದಿ ಮುಂದನ ತಪ್ಪಾತು ಅಂತ ಹೇಳವಾ," ಅಂದ ಅಪ್ಪ. "ಒಬ್ಬಾಂವನ್ನ ಬಾಜೂಕ ಕರದು ಹೇಳಿ ಮುಗಸಬ್ಯಾಡ."

ಹಾಗೇ ಮಾಡಿದೆ. ಬರೆದದ್ದನ್ನೂ ತಿದ್ದಿಸಿದೆ. ಮುರಿದ ಮುಖದಲ್ಲಿ, ಹೊರಗಿನಿಂದ ಕಾಣದ ಕಡೆ, ಹಳೆಯ ತುಕ್ಕಿತ್ತು. ತಪ್ಪು ದೈತಾರಿ ಭಾಯಿಯದಲ್ಲವೆಂದು ತನಿಖೆಯಲ್ಲಿ ತೀರ್ಮಾನವಾಗಿ ಅವರು ಕೆಲಸಕ್ಕೆ ಮರಳಿದರು.

ರಜೆಗೆ ಊರಿಗೆ ಹೋದಾಗ ಅಕ್ಕ, "ಚ್ಯಾಷ್ಟಿ ಮಾಡಬ್ಯಾಡ, ಸುಮ್ಕಿರು," ಅಂದಳು. ಎಲ್ಲರೂ ನಕ್ಕರು, ನನಗೆ ನಗಲು ಆಗಲಿಲ್ಲ. ಇಲ್ಲಿ ಒಡಿಶಾದಲ್ಲಿ ದೈತಾರಿ ಭಾಯಿ ಮೊದಲಿನಷ್ಟೇ ಮರ್ಯಾದೆಯಿಂದ ನಮಸ್ಕಾರ ಹೇಳುತ್ತಾರೆ. ಆದರೆ ನನ್ನೊಡನೆ ಒಡಿಯಾ ಮಾತಾಡುವುದನ್ನು ಬಿಟ್ಟಿದ್ದಾರೆ. ಬಾರದ ಹಿಂದಿಯಲ್ಲಿ, ಒಂದೊಂದೇ ಶಬ್ದ ಆರಿಸಿಕೊಂಡು, ನನ್ನ ಮುಖ ನೋಡುತ್ತ ನೋಡುತ್ತ ಮಾತಾಡುತ್ತಾರೆ.