ಅಕ್ಕನ ಮುಂದಿನ ಎರಡು ಹಲ್ಲು

ನಮ್ಮ ಭಾವನ ಬಗ್ಗೆ ಒಳ್ಳೆಯ ಮಾತು ಆಡಬೇಕೆಂದರೆ ನನಗೆ ನಾಲಿಗೆ ಹೊರಳುವುದಿಲ್ಲ. ಅಕ್ಕನ ಗಂಡ, ಕಬ್ಬಿಣದ ಸಾಮಾನಿನ ಅಂಗಡಿಯವ, ವ್ಯಾಪಾರಿಗಳ ಸಂಘದ ಅಧ್ಯಕ್ಷ. ಎದುರಿಗಿದ್ದಾಗ 'ನೀವು' ಎನ್ನುತ್ತೇನೆ, ಇಲ್ಲಿ ಏಕವಚನವೇ ಹೆಚ್ಚಾಯಿತು. ಬೇರೆ ಯಾರೂ ನಿಲ್ಲದ್ದರಿಂದ ಅಧ್ಯಕ್ಷನಾದ. ಆದ ದಿನದಿಂದ ಮನೆಯಲ್ಲಿ ನೀರು ಕೇಳುವಾಗಲೂ ಭಾಷಣದ ಗಂಟಲು.

ಹೋದ ವರ್ಷ ಹಲ್ಲು ಕಟ್ಟಿಸಿಕೊಂಡ. ದವಡೆಗೆ ಸ್ಕ್ರೂ ತಿರುಗಿಸಿ ಕೂರಿಸುವಂಥವು. ವಯಸ್ಸಿಗೆ ಒಪ್ಪುವ ಬಣ್ಣ ಆರಿಸಿ ಎಂದು ಡಾಕ್ಟರಮ್ಮ ಮಾದರಿ ಹಲ್ಲುಗಳನ್ನು ಮುಂದಿಟ್ಟರೆ, ಇವನು ಬೆರಳಿಟ್ಟದ್ದು ಕೈತೊಳೆಯುವ ಬೇಸಿನ್ನಿನಷ್ಟು ಬೆಳ್ಳಗಿದ್ದುದರ ಮೇಲೆ. ಆಮೇಲೆ ಅಂಗಡಿಗೆ ಬಂದವರೆದುರು ಬಾಯಿ ತೆರೆದು, ಸ್ಕ್ರೂಡ್ರೈವರ್ ಹಿಡಿಯಿಂದ ಟಕಟಕ ಬಡಿದು ತೋರಿಸಿದ್ದೇ ತೋರಿಸಿದ್ದು. "ಅಸಲಿಗಿಂತ ಗಟ್ಟಿ ಕಣ್ರೀ!" ಮೊಳೆ ಕೊಳ್ಳಲು ಬಂದವರು ಇವನ ಹಲ್ಲು ನೋಡಿಕೊಂಡು ಹೋಗಬೇಕು, ಅದು ಅವರ ಕರ್ಮ.

ಅಕ್ಕನಿಗೆ ಮಾತ್ರ ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲಿಲ್ಲ. ಮದುವೆಯಾದ ಹೊಸತರಲ್ಲೇ ಹೋದವು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಭಾವನೇ ಊರಿಗೆಲ್ಲ ಹೇಳಿದ. ನಾನು ನೋಡಲು ಹೋದಾಗ ಅವಳ ಮೊಣಕೈ ತರಚಿರಲಿಲ್ಲ, ಮಂಡಿಗೆ ಏನೂ ಆಗಿರಲಿಲ್ಲ, ತುಟಿ ಮಾತ್ರ ಬಾತುಕೊಂಡಿತ್ತು. ಕೇಳಿದರೆ ಮಾತು ಮರೆಸಿದಳು.

ಅಂದಿನಿಂದ ಅವಳಿಗೆ 'ಸ' ಬರುವುದಿಲ್ಲ, ಹಲ್ಲಿನ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ. "ಸಕ್ಕರೆ ಸಾಕಾ?" ಎಂದು ನೆಂಟರನ್ನು ಕೇಳಿದರೆ ಭಾವ ಅದನ್ನೇ ಸಿಳ್ಳೆಯಲ್ಲಿ ಅಣಕಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮಾತಿನ ಮಲ್ಲಿ ನನ್ನಕ್ಕ. ಮೊದಮೊದಲು ಬಾಯಿಗೆ ಕೈಯಡ್ಡ ಹಿಡಿದು ಮಾತಾಡಿದಳು, ಬರಬರುತ್ತಾ ಮಾತನ್ನೇ ಬಿಟ್ಟಳು. ಹಲ್ಲು ಕಟ್ಟಿಸಿಕೊಡಿ ಎಂದು ನಾನು ಎಷ್ಟು ಗೋಗರೆದರೂ ಒಂದೇ ಉತ್ತರ: "ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕು?" ಮೊದಲ ಸಲ ಹಾಗೆಂದಾಗ ಅಕ್ಕನಿಗೆ ಮೂವತ್ತೂ ತುಂಬಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಗಿತ್ತು.

ಈ ಸಲ ಹಲ್ಲು ಕಟ್ಟಿಸಲು ತಾನಾಗಿಯೇ ಅವಳನ್ನು ಕರೆದುಕೊಂಡು ಹೊರಟ. ಬುದ್ಧಿ ಬಂತೇನೋ ಎಂದುಕೊಂಡೆ. ಎಲ್ಲಿಯ ಬುದ್ಧಿ! ಸಂಘದವರು ಇವನಿಗೆ ಸನ್ಮಾನ ಇಟ್ಟುಕೊಂಡಿದ್ದರು, ಗಂಡ ಹೆಂಡತಿಯ ಫೋಟೊ ತೆಗೆಯುವವರಿದ್ದರು. "ಬೊಚ್ಚುಬಾಯಿ ಪಕ್ಕದಲ್ಲಿ ನಿಂತ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಡಾಕ್ಟರಮ್ಮ ಸಂದಿಯ ಅಕ್ಕಪಕ್ಕದ ಹಲ್ಲುಗಳನ್ನು ತೇಯ್ದು, ಅಚ್ಚು ತೆಗೆದು ಕಳಿಸಿದ್ದರು. ಮುಂದಿನ ಸಲ ಹೋದಾಗ ನಾನೂ ಜೊತೆಗಿದ್ದೆ. ಭಾವನ ಹಲ್ಲು ನೋಡಿ ಆಸೆಪಟ್ಟ ಸಂಘದ ಖಜಾಂಚಿ ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ. ಒಳಗೆ ಡಾಕ್ಟರಮ್ಮ ಹೊಸ ಹಲ್ಲುಗಳನ್ನು ಅಂಟು ಹಾಕದೆ ಸುಮ್ಮನೆ ಕೂರಿಸಿ ನೋಡಿದರು. ಭಾವ ಕುರ್ಚಿಯ ಪಕ್ಕದಲ್ಲೇ ಪಹರೆ ನಿಂತಿದ್ದ. ಬಾಗಿಲು ತೆರೆದೇ ಇತ್ತು.

"ಮೊದಲಿನವು ಹೇಗೆ ಮುರಿದ್ವು ಅಮ್ಮಾ?"

"ಬಚ್ಚಲಲ್ಲಿ ಜಾರಿ ಬಿದ್ಲು," ಎಂದ ಭಾವ.

"ಅವರನ್ನ ಕೇಳಿದ್ದು."

"ಅವಳಿಗೆ ನೆಟ್ಟಗೆ ಮಾತಾಡೋಕೆ ಬರಲ್ಲ ಡಾಕ್ಟ್ರೇ, ನನ್ನೇ ಕೇಳಿ."

ಡಾಕ್ಟರಮ್ಮ ಅಕ್ಕನ ಕೈಗೆ ಕನ್ನಡಿ ಕೊಟ್ಟರು. "ಈಗ ಬರತ್ತಾ ನೋಡೋಣ. ಅಂಟಿಸೋ ಮುಂಚೆ 'ಸ' ಕೇಳ್ಬೇಕು ನಾನು. 'ಸ' ಇರೋ ಮಾತು ಏನಾದ್ರೂ ಹೇಳಿ."

"ಸಕ್ಕರೆ ಅನ್ನು," ಭಾವನ ಅಪ್ಪಣೆ.

ಅಕ್ಕ ಕನ್ನಡಿಯಲ್ಲಿ ಬಾಯಿ ನೋಡಿಕೊಂಡಳು. ಕೈ ಅಡ್ಡ ಬರಲಿಲ್ಲ.

"ಸುಳ್ಳು," ಎಂದಳು. "ನಾನು ಜಾರಿ ಬೀಳ್ಲಿಲ್ಲ. ಅಡುಗೆಗೆ ಉಪ್ಪು ಸಾಲಲಿಲ್ಲ ಅಂತ ಇವರು ಸೌಟು ತಗೊಂಡು ಬಾಯಿಗೆ ಹೊಡೆದ್ರು."

ಒಂದು ಚೂರೂ ಸಿಳ್ಳೆ ಇರಲಿಲ್ಲ. ಹೊರಗೆ ಖಜಾಂಚಿ ಓದುತ್ತಿದ್ದ ಪೇಪರು ಕೆಳಗಿಳಿಸಿದ. ಭಾವ ಆ ಬೆಳ್ಳನೆಯ ಹಲ್ಲು ಬಿಟ್ಟುಕೊಂಡು ಒಮ್ಮೆ ಬಾಗಿಲತ್ತ, ಒಮ್ಮೆ ಅಕ್ಕನತ್ತ ನೋಡಿದ.

"ಚೆನ್ನಾಗಿ ಬಂತು," ಎಂದರು ಡಾಕ್ಟರಮ್ಮ. "ಇನ್ನೊಂದ್ಸಲ ಹೇಳಿ, ಸ್ವಲ್ಪ ಜೋರಾಗಿ."

ಅಕ್ಕ ಹೇಳಿದಳು.