ಮುಖ್ಯ ಅತಿಥಿ ಕಾಣದ ಚೆಂಡು

ಔಷಧಿ ಅಂಗಡಿಯ ಮುಂದೆ ಸರದಿಗಾಗಿ ನಿಂತ ಮನುಷ್ಯನಿಗೆ, ಪಕ್ಕದವರ ಚೀಟಿಯ ಮೇಲೆ ಓರೆಗಣ್ಣು ಹಾಯಿಸಿ ಅವರ ಕಾಯಿಲೆಯನ್ನು ಊಹಿಸುವುದಕ್ಕಿಂತ ಘನವಾದ ಕಾಲಕ್ಷೇಪ ಇನ್ನೊಂದಿಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯ ತಿರುವಿನಲ್ಲಿರುವ ಅಂಗಡಿಗೆ ತಿಂಗಳಿಗೊಮ್ಮೆ ರಕ್ತದೊತ್ತಡದ ಮಾತ್ರೆಗಾಗಿ ಹೋಗುವ ನಾನು ಈ ವಿದ್ಯೆಯಲ್ಲಿ ತಕ್ಕಮಟ್ಟಿಗೆ ಪಾರಂಗತನೇ. ಒಂದು ಮಧ್ಯಾಹ್ನ ಗಿರಾಕಿಗಳಾರೂ ಇಲ್ಲದೆ, ಓದಲು ಚೀಟಿಗಳೂ ಇಲ್ಲದೆ, ನಿರುದ್ಯೋಗಿಯಾದ ನನ್ನ ದೃಷ್ಟಿ ಮಾತ್ರೆ ಎಣಿಸುತ್ತಿದ್ದ ಹುಡುಗಿಯ ಕೈಗಳ ಮೇಲೆ ಬಿತ್ತು. ಹತ್ತರಲ್ಲಿ ಆರು ಬೆರಳುಗಳಿಗೆ ಬಿಳಿಯ ಪಟ್ಟಿ ಸುತ್ತಿತ್ತು. ಅಂಗಡಿಯ ಸರಕನ್ನು ಗಿರಾಕಿಗಳಿಗಿಂತ ಈಕೆಯೇ ಹೆಚ್ಚು ಬಳಸುತ್ತಿದ್ದಾಳಲ್ಲ ಎಂದು ಮರುಕಪಟ್ಟು, "ತರಕಾರಿ ಹೆಚ್ಚುವಾಗ ಕುಯ್ದುಕೊಂಡೆಯೇನಮ್ಮ?" ಎಂದು ಕೇಳಿದೆ. ಅವಳು ತಲೆ ಎತ್ತದೆಯೇ, "ಇಲ್ಲ ಸಾ, ಗೋಲ್‌ಕೀಪಿಂಗು" ಎಂದಳು.

ಹೆಣ್ಣಿನ ಬೆರಳಿಗೆ ಗಾಯವಾಗಬೇಕಾದರೆ ಅದು ಈಳಿಗೆಮಣೆಯಿಂದಲೇ ಆಗಬೇಕು ಎಂಬ ನನ್ನ ಸಿದ್ಧಾಂತ ಅಲ್ಲಿಗೇ ಮುಗ್ಗರಿಸಿತು. ಈ ಸಿದ್ಧಾಂತಕ್ಕೆ ಹಳೆಯ ಚರಿತ್ರೆಯಿದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ, ಬೇರೆ ಯಾರೂ ಒಪ್ಪದಿದ್ದ ಕಾರಣಕ್ಕೆ ನನ್ನನ್ನು ಕ್ರೀಡಾ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದ್ದರು. ಹುಡುಗರಿಗೆ ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್. ಹುಡುಗಿಯರಿಗೆ ಕುರ್ಚಿಯಾಟ, ರಂಗೋಲಿ ಮತ್ತು ನಿಂಬೆಹಣ್ಣು ಚಮಚದ ಓಟ ಎಂದು ನಾನು ಮಾಡಿದ ವಿಂಗಡಣೆ ವರ್ಷಾನುವರ್ಷ ಅಬಾಧಿತವಾಗಿ ನಡೆಯಿತು. ಒಮ್ಮೆ ನಾಲ್ಕು ಹುಡುಗಿಯರು ನನ್ನ ಕೋಣೆಗೆ ಬಂದು ತಮಗೂ ಒಂದು ಫುಟ್‌ಬಾಲ್ ಕೊಡಿಸಬೇಕೆಂದು ಕೇಳಿದರು. ಪೆಟ್ಟಾದರೆ ನಿಮ್ಮ ತಂದೆಯರಿಗೆ ಯಾರು ಉತ್ತರ ಹೇಳುವುದು ಎಂದು ಉಪದೇಶಿಸಿ, ಅವರ ಉತ್ಸಾಹವನ್ನು ಗೌರವಿಸುವ ಸಲುವಾಗಿ ಆ ವರ್ಷ ನಾಲ್ಕು ಚಮಚಗಳನ್ನು ಹೆಚ್ಚಿಗೆ ತರಿಸಿದೆ. ಈಗ ನೆನೆದರೆ ನಗು ಬರುವ ಮುಂಚೆ ನಾಚಿಕೆ ಬರುತ್ತದೆ.

ಕಾಲ ನನಗಾಗಿ ಕಾಯಲಿಲ್ಲ. ನಮ್ಮ ಬೀದಿಯ ಭಜನಾ ಮಂಡಳಿಯ ಮಹಿಳೆಯರು ಈಚೆಗೆ ಟೀವಿಯಲ್ಲಿ ಹೆಂಗಸರ ಫುಟ್‌ಬಾಲಿನ ದೊಡ್ಡ ಪಂದ್ಯವಿದ್ದ ದಿನ ಮಂಗಳಾರತಿಯನ್ನು ಅರ್ಧ ಗಂಟೆ ಮುಂಚಿತವಾಗಿಯೇ ಮುಗಿಸಿಬಿಡುತ್ತಾರೆ. ನನ್ನ ಹೆಂಡತಿ ವನಜಾ ಅವರಲ್ಲಿ ಅಗ್ರಗಣ್ಯಳು. ಆಫ್‌ಸೈಡ್ ಎಂದರೇನು ಎಂದು ನಾನು ಕೇಳಿದಾಗ, "ಅನ್ನವೇ ಬಂದಿಲ್ಲ, ಆಗಲೇ ಪಾಯಸದ ಪಾತ್ರೆ ಹತ್ರ ಹೋಗಿ ನಿಂತಿರ್ತೀರಲ್ಲ, ಅದು" ಎಂದು ಒಂದೇ ವಾಕ್ಯದಲ್ಲಿ ಶಾಸ್ತ್ರವನ್ನೂ ನನ್ನನ್ನೂ ಮುಗಿಸಿದಳು. ನಮ್ಮ ಗಂಡಸರ ವಾಯುವಿಹಾರದ ಗುಂಪು ಮಾತ್ರ ಸುಲಭವಾಗಿ ಸೋಲೊಪ್ಪುವಂಥದ್ದಲ್ಲ. "ಮಂಡಿಗಿಂಡಿ ಮುರ್ಕೊಂಡ್ರೆ ಆ ಹುಡುಗೀರ್ನ ಯಾರು ಕಟ್ಕೋತಾರೆ ಕಣ್ರೀ?" ಎಂದು ಕಲ್ಲುಬೆಂಚಿನಿಂದ ತೀರ್ಪು ಕೊಟ್ಟವರು ನಮ್ಮ ಶ್ರೀಕಂಠಯ್ಯನವರು. ಜನ್ಮದಲ್ಲಿ ಚೆಂಡನ್ನು ಮುಟ್ಟದೆಯೇ ತಮ್ಮ ಎರಡೂ ಮಂಡಿಗಳನ್ನು ಶಸ್ತ್ರಚಿಕಿತ್ಸೆಯಿಂದ ಬದಲಾಯಿಸಿಕೊಂಡ ಪುಣ್ಯಾತ್ಮರು ಅವರು.

ಮತ್ತೆ ಆ ಹುಡುಗಿಗೆ ಬರೋಣ. ಹೆಸರು ಸುಜಾತಾ, ಮನೆ ಅಶೋಕಪುರಂ ಬಡಾವಣೆಯಲ್ಲಿ. ತಾಯಿ ಮಹದೇವಮ್ಮ ನಗರ ಸಾರಿಗೆ ಬಸ್ಸಿನ ಕಂಡಕ್ಟರು. ಅವರ ಮನೆಯಲ್ಲಿ ಬುದ್ಧನ ಪಟದ ಪಕ್ಕದ ಮೊಳೆಗೆ ಸುಜಾತಾಳ ಕೈಗವಸುಗಳನ್ನು ತೂಗುಹಾಕಿರುತ್ತಾರಂತೆ. ಮುಂದಿನ ತಿಂಗಳು ಮಾತ್ರೆಗೆ ಹೋದಾಗ ಅವಳು ಸ್ವಲ್ಪ ಸಂಕೋಚದಿಂದಲೇ, ತಮ್ಮ ಬಡಾವಣೆಯ ಕ್ರೀಡಾ ಸಂಘದ ಪಂದ್ಯಕ್ಕೆ ಮುಖ್ಯ ಅತಿಥಿ ಬೇಕಾಗಿದೆ, ಬರುತ್ತೀರಾ ಎಂದು ಕೇಳಿದಳು. ಮೈಸೂರಿನಲ್ಲಿ ವೇದಿಕೆಗೆ ಕರೆದರೆ ಇಲ್ಲವೆನ್ನದ ಕೆಲವರಿದ್ದೇವೆ. ಆ ಪಟ್ಟಿಯಲ್ಲಿ ನನ್ನದು ಮೊದಲ ಪುಟದ ಹೆಸರು. ಒಪ್ಪಿಕೊಂಡ ಮೇಲೆ ಅವಳು ಇನ್ನೊಂದು ವಿಷಯ ಹೇಳಿದಳು. "ಬೆಂಗ್ಳೂರಿಂದ ಸೆಲೆಕ್ಟರ್ ಮೇಡಂ ಬರ್ತಾವ್ರೆ ಸಾ. ರಾಜ್ಯದ ಕ್ಯಾಂಪಿಗೆ ಒಬ್ಬಳು ಕೀಪರ್ ಬೇಕಂತೆ. ಐದೂಕಾಲಿಗೆ ಹೊರಡ್ತಾರೆ, ರೈಲದೆ. ನಂಗೆ ಇದೇ ಲಾಸ್ಟು. ಮುಂದಿನ್ ವರ್ಷ ವಯಸ್ಸು ಮೀರೋಯ್ತದೆ." ನಾನು ಅಭಯಹಸ್ತ ತೋರಿಸಿ, ಏಳು ಪುಟದ ಭಾಷಣ ಬರೆಯಲು ಮನೆಗೆ ಧಾವಿಸಿದೆ.

ಕಾರ್ಯಕ್ರಮವಿದ್ದದ್ದು ಮಧ್ಯಾಹ್ನ ಮೂರೂವರೆಗೆ. ಮೈದಾನದ ಒಂದು ಅಂಚಿಗೆ ಶಾಮಿಯಾನ, ಮೇಜಿನ ಮೇಲೆ ಹಣ್ಣಿನ ಬುಟ್ಟಿಗಳು, ಮುಂದೆ ಹಿತ್ತಾಳೆಯ ದೀಪ. ಬಯಲಿನಲ್ಲಿ ದೀಪ ಹಚ್ಚುವುದೆಂದರೆ ಗಾಳಿಯೊಂದಿಗೆ ನಡೆಸುವ ಸಂಧಾನ. ನಾವು ಐದು ಮಂದಿ ಗಣ್ಯರು ಪಂಚೆ ಶಲ್ಯಗಳನ್ನು ಅಡ್ಡ ಹಿಡಿದು ಸುತ್ತುವರಿದು ನಿಂತರೂ ಬತ್ತಿ ಹೊತ್ತಲು ಹನ್ನೆರಡು ನಿಮಿಷ ಹಿಡಿಯಿತು. ಬಳಿಕ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಹಾರ, ಮೈಸೂರು ಪೇಟ, ಶಾಲು, ಹಣ್ಣು. ಪ್ರತಿಯೊಬ್ಬ ಭಾಷಣಕಾರರೂ ವೇದಿಕೆಯ ಮೇಲಿರುವವರನ್ನೆಲ್ಲ ಬಿರುದುಸಮೇತ ಹೆಸರಿಸಿದರು. ಸಂಘದ ಅಧ್ಯಕ್ಷರಂತೂ ಒಬ್ಬರನ್ನು ಬಿಟ್ಟೆನೆಂಬ ಶಂಕೆ ಬಂದು ಮತ್ತೆ ಮೊದಲಿನಿಂದ ಹೆಸರಿಸಿದರು. ಅತ್ತ ಬಿಸಿಲಿನಲ್ಲಿ ಅಶೋಕಪುರಂನ ಹನ್ನೊಂದು ಮಂದಿ, ಕುಂಬಾರಕೊಪ್ಪಲಿನ ಹನ್ನೊಂದು ಮಂದಿ ಮೈ ಬಿಸಿ ಮಾಡಿಕೊಂಡು, ಆರಿಸಿಕೊಂಡು, ಮತ್ತೆ ಬಿಸಿ ಮಾಡಿಕೊಳ್ಳುತ್ತಿದ್ದರು. ಸೆಲೆಕ್ಟರ್ ಮೇಡಂ ವೇದಿಕೆ ಹತ್ತಲು ಒಪ್ಪದೆ, ಗೆರೆಯ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪದೇ ಪದೇ ಗಡಿಯಾರ ನೋಡುತ್ತಿದ್ದರು.

ನಾಲ್ಕೂಕಾಲಿಗೆ ಮೈಕು ನನ್ನ ಕೈಗೆ ಬಂತು. "ಎರಡೇ ಮಾತು" ಎಂದು ಪೀಠಿಕೆ ಹಾಕಿದೆ. ಆ ಕ್ಷಣದಲ್ಲಿ ಅದು ಪ್ರಾಮಾಣಿಕವಾಗಿಯೇ ಇತ್ತು ಎಂದು ಓದುಗ ಮಹಾಶಯರು ದಯವಿಟ್ಟು ನಂಬಬೇಕು. ಆದರೆ ಮೈಕಿನಲ್ಲಿ ಸ್ವಂತ ಧ್ವನಿ ಸುತ್ತಿಬಂದು ಕಿವಿಗೆ ಬಿದ್ದಾಗ ಏನೋ ಒಂದು ಆವೇಶ ನನ್ನನ್ನು ಹಿಡಿಯುತ್ತದೆ. ಐದೂಕಾಲು, ರೈಲು, ಸುಜಾತಾ ಎಲ್ಲವೂ ಮರೆತುಹೋದವು. ವೇದಕಾಲದ ವಿದುಷಿಯರಿಂದ ಹೊರಟು, ರಾಣಿಯರ ಕೋಟೆಗಳನ್ನು ಹಾದು, ಅರ್ಧ ಗಂಟೆಯಲ್ಲಿ ನಾಲ್ಕನೆಯ ಪುಟಕ್ಕೆ ಬಂದೆ. "ಸ್ತ್ರೀಯರಿಗೆ ಅವಕಾಶ ಕೊಡಬೇಕು! ಅವರ ದಾರಿಗೆ ನಾವು ಅಡ್ಡ ನಿಲ್ಲಬಾರದು!" ಎಂದು ನಾನು ಮುಷ್ಟಿ ಎತ್ತಿದ ಹೊತ್ತಿಗೆ ಸರಿಯಾಗಿ ಹಿಂದಿನ ಸಾಲಿನಿಂದ ಕಂಡಕ್ಟರ್ ಸೀಟಿಯೊಂದು ಕರ್ಣಕಠೋರವಾಗಿ ಕೇಳಿಸಿತು. ಖಾಕಿ ಸಮವಸ್ತ್ರದಲ್ಲಿಯೇ ಬಂದಿದ್ದ ಮಹದೇವಮ್ಮ ಎದ್ದು ನಿಂತಿದ್ದರು. "ನಿಮ್ ಸ್ಟಾಪು ಬಂತು ಸಾ, ಇಳ್ಕಳಿ!"

ಇಡೀ ಮೈದಾನ ನಕ್ಕಿತು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪೇಟದ ಅಂಚು ಮೂಗಿನವರೆಗೆ ಬಂದರೆ ಚೆನ್ನಾಗಿತ್ತು ಅನ್ನಿಸಿತು. ಆಗ ಸುಜಾತಾ ಕೈಗವಸು ಹಾಕಿಕೊಂಡೇ ವೇದಿಕೆಯ ಬಳಿಗೆ ಓಡಿಬಂದಳು. "ಅಮ್ಮ ಅಂಗೇ ಸಾ, ಬೇಜಾರ್ ಮಾಡ್ಕಬೇಡಿ. ಉಳ್ದಿದ್ದು ಆಟ ಆದ್ಮೇಲೆ ಹೇಳಿ. ನಾವೆಲ್ಲ ಕೂತ್ಕಂಡು ಕೇಳ್ತೀವಿ, ಸತ್ಯವಾಗ್ಲೂ." ಆ ಕಣ್ಣುಗಳಲ್ಲಿ ಕೋಪವಿರಲಿಲ್ಲ, ಗಾಬರಿ ಇತ್ತು. ಆಗ ನನಗೆ ಗಡಿಯಾರ ಕಂಡಿತು. ನಾಲ್ಕೂಮುಕ್ಕಾಲು ದಾಟಿತ್ತು.

ಪಂದ್ಯ ಆರಂಭವಾಯಿತು. ನಾನು ಶಾಲು, ಹಾರ, ಪೇಟ, ಬುಟ್ಟಿ ಸಮೇತ ಗೆರೆಯ ಬದಿಗೆ ಬಂದು ನಿಂತೆ. ಮೊದಲ ಐದು ನಿಮಿಷದಲ್ಲೇ ಹೊಸದೊಂದು ವಿಪತ್ತು ಗೋಚರಿಸಿತು. ಅಶೋಕಪುರಂನ ಹುಡುಗಿಯರು ಅದೆಷ್ಟು ಚೆನ್ನಾಗಿ ಆಡುತ್ತಿದ್ದರೆಂದರೆ ಚೆಂಡು ಎದುರಾಳಿಗಳ ಅರ್ಧವನ್ನು ಬಿಟ್ಟು ಈಚೆಗೆ ಬರುತ್ತಲೇ ಇರಲಿಲ್ಲ. ಸುಜಾತಾ ತನ್ನ ಎರಡು ಕಂಬಗಳ ನಡುವೆ, ಪಡಿತರದ ಅಂಗಡಿ ತೆರೆಯಲೆಂದು ಕಾಯುವವಳ ಹಾಗೆ, ಸುಮ್ಮನೆ ನಿಂತಿದ್ದಳು. ಗೋಲ್‌ಕೀಪರಿನ ವಿದ್ಯೆ ತೋರಬೇಕಾದರೆ ಯಾರಾದರೂ ಅವಳ ಮೇಲೆ ದಾಳಿ ಮಾಡಬೇಕಲ್ಲವೇ? ಹತ್ತು ನಿಮಿಷ ಕಳೆಯಿತು. ಅವಳು ಮುಟ್ಟಿದ್ದು ಒಂದೇ ಒಂದು ಚೆಂಡು, ಅದೂ ತನ್ನ ಪಾಡಿಗೆ ಉರುಳಿಕೊಂಡು ಬಂದದ್ದು.

ತಡೆಯಲಾರದೆ ನಾನು ಕೂಗಿದೆ: "ಕುಂಬಾರಕೊಪ್ಪಲು! ಹೊಡೀರಮ್ಮಾ, ಹೊಡೀರಿ!" ಸಂಘದ ಅಧ್ಯಕ್ಷರು ಗಾಬರಿಯಿಂದ ಹತ್ತಿರ ಬಂದು, ನಮ್ಮ ತಂಡ ನೀಲಿ ಅಂಗಿಯದು ಎಂದು ಕಿವಿಯಲ್ಲಿ ತಿಳಿಸಿದರು. ಆತಿಥ್ಯ ಅಶೋಕಪುರಂನದು, ಜೈಕಾರ ಕುಂಬಾರಕೊಪ್ಪಲಿಗೆ ಎಂದು ಜನ ಗೊಣಗಿದರು. ನನ್ನ ಉದ್ದೇಶ ಅರ್ಥವಾದದ್ದು ಮಹದೇವಮ್ಮನಿಗೆ ಒಬ್ಬರಿಗೆ. ನನ್ನ ಪಕ್ಕಕ್ಕೆ ಬಂದು ನಿಂತು, ಹೆತ್ತ ಮಗಳ ಗೋಲಿಗೆ ಗುರಿಯಿಡಿರೆಂದು ಎದುರಾಳಿಗಳಿಗೆ ಸೀಟಿ ಊದಿ ಊದಿ ದಾರಿ ತೋರಿಸತೊಡಗಿದರು. "ರೈಟ್, ರೈಟ್! ಖಾಲಿ ಅದೆ, ಬನ್ರವ್ವಾ ಮುಂದ್ಕೆ!"

ಐದು ಗಂಟೆ ಹತ್ತು ನಿಮಿಷಕ್ಕೆ ಆಟೋ ಬಂತು. ಮೇಡಂ ಬರೆದುಕೊಳ್ಳಲು ಏನೂ ಇಲ್ಲದ ಪುಸ್ತಕವನ್ನು ಚೀಲಕ್ಕೆ ಸೇರಿಸಿ ಎದ್ದರು. ಆ ಹುಡುಗಿಯ ಪಾಲಿನ ಅರ್ಧ ಗಂಟೆಯನ್ನು ವೇದಕಾಲದಿಂದ ರಾಣಿಯರವರೆಗೆ ಚೆಲ್ಲಿದವನು ನಾನೇ. ಏನಾದರೂ ಮಾಡಬೇಕಿತ್ತು; ಆದರೆ ಜೀವಮಾನದಲ್ಲಿ ನಾನು ಕಲಿತದ್ದು ಇತರರಿಗೆ ತಡ ಮಾಡಿಸುವ ವಿದ್ಯೆಯೊಂದನ್ನೇ. ಸರಿ, ಅದನ್ನೇ ಪ್ರಯೋಗಿಸೋಣ ಎಂದು ಗೇಟಿನತ್ತ ಓಡಿದೆ.

ಸನ್ಮಾನ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಈ ಊರಿನಲ್ಲಿ ಕಾಲು ಕಿತ್ತವರಿಲ್ಲ. "ಮೇಡಂ, ಒಂದು ಚಿಕ್ಕ ಸನ್ಮಾನ" ಎಂದು ಅವರ ದಾರಿಗೆ ಅಡ್ಡ ನಿಂತು, ನನ್ನ ಹೆಗಲ ಶಾಲನ್ನೇ ತೆಗೆದು ಅವರಿಗೆ ಹೊದಿಸಿದೆ. "ಟ್ರೇನ್ ಇದೆ ಸರ್" ಎನ್ನುತ್ತಲೇ ಅವರು ಅಭ್ಯಾಸಬಲದಿಂದ ಕೈ ಜೋಡಿಸಿಬಿಟ್ಟರು. ಬೆಲ್ಲಕ್ಕೆ ಇರುವೆ ಬಂದಂತೆ ಅಧ್ಯಕ್ಷರೂ ಗಣ್ಯರೂ ಛಾಯಾಗ್ರಾಹಕನೂ ಬಂದು ಮುತ್ತಿದರು. ನಾನು ಅವರನ್ನೆಲ್ಲ ಉಪಾಯವಾಗಿ ಬದಿಗೆ ಸರಿಸಿ, ಮೇಡಂ ಮುಖ ಮೈದಾನದ ಕಡೆಗೇ ಇರುವಂತೆ ನಿಲ್ಲಿಸಿದೆ. ನನ್ನ ಬೆನ್ನು ಮೈದಾನಕ್ಕೆ. ಹಾರ ಹಾಕಿದೆ, ಹಾರ ನೆಟ್ಟಗಿಲ್ಲವೆಂದು ತೆಗೆದು ಮತ್ತೆ ಹಾಕಿದೆ. ಪೇಟವನ್ನು ಅವರ ತಲೆಗಿಟ್ಟು ಅಳತೆ ಸರಿಪಡಿಸತೊಡಗಿದೆ.

ಆಗ ಹಿಂದಿನಿಂದ ಮಹದೇವಮ್ಮನ ಸೀಟಿ ಕೇಳಿಸಿತು. ಓಡುವ ಕಾಲುಗಳ ಸದ್ದು, "ಅಯ್ಯೋ" ಎಂಬ ಉದ್ಗಾರ, ಚೆಂಡನ್ನು ಒದ್ದ ಸದ್ದು, ಧಪ್ಪನೆ ಮಣ್ಣಿಗೆ ಬಿದ್ದ ಸದ್ದು. ಆಮೇಲೆ ಇಡೀ ಮೈದಾನ ಬೊಬ್ಬಿಟ್ಟಿತು. ನನ್ನ ಎರಡೂ ಕೈ ಪೇಟದ ಮೇಲಿದ್ದವು, ತಿರುಗಲಾಗಲಿಲ್ಲ. ನಾನು ಕಂಡದ್ದು ಮೇಡಂ ಮುಖವನ್ನು ಮಾತ್ರ. ಜೋಡಿಸಿದ ಕೈಗಳು ಬಿಟ್ಟುಹೋಗಿದ್ದವು, ಬಾಯಿ ತೆರೆದುಕೊಂಡಿತ್ತು.

"ಆ ಕೀಪರ್ ಹೆಸರೇನು?" ಎಂದು ಕೇಳಿದರು.

ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. ಅವರು ಬಾಯಿ ತೆರೆಯುವ ಮುಂಚೆಯೇ ನಾನು "ಸುಜಾತಾ" ಎಂದೆ. ಮೇಡಂ ಪುಸ್ತಕ ತೆಗೆದು ಬರೆದುಕೊಂಡರು. "ಬಟ್ಟೆ ತುಂಬ್ಕೊಂಡು ರೆಡಿ ಇರೋಕೆ ಹೇಳಿ. ಕ್ಯಾಂಪಿಗೆ ಕರೀತೀವಿ" ಎಂದು ಹೇಳಿ, ತಲೆಯ ಮೇಲೆ ಪೇಟವಿದೆಯೆಂಬುದನ್ನೇ ಮರೆತು ಆಟೋ ಹತ್ತಿ ಹೋದರು.

ಪಂದ್ಯ ಮುಗಿಯಿತು, ಗಣ್ಯರು ಕಾಫಿಗೆಂದು ಹೊರಟರು, ಶಾಮಿಯಾನದವರು ಕುರ್ಚಿ ಪೇರಿಸತೊಡಗಿದರು. ನಾನೂ ಪಂದ್ಯ ನೋಡಲು ಬಂದಿದ್ದ ವನಜಾಳೊಂದಿಗೆ ಮೆಲ್ಲನೆ ಜಾರಿಕೊಳ್ಳುವ ಹವಣಿಕೆಯಲ್ಲಿದ್ದೆ. ಅಷ್ಟರಲ್ಲಿ, ಕೊಟ್ಟ ಮಾತು ಮರೆಯದೆ, ಎರಡೂ ತಂಡದ ಹುಡುಗಿಯರು ಕೆಂಪು ಮಣ್ಣು ಮೆತ್ತಿದ ಕಾಲುಗಳನ್ನು ಮಡಚಿಕೊಂಡು ನನ್ನ ಮುಂದೆ ನೆಲದ ಮೇಲೆ ಕುಳಿತರು. ಸುಜಾತಾ ಮೊದಲ ಸಾಲಿನಲ್ಲಿದ್ದಳು, ತಾಯಿ ಅವಳ ತಲೆಯಿಂದ ಮಣ್ಣು ಕೊಡವುತ್ತಿದ್ದರು. "ಹೇಳಿ ಸಾ" ಎಂದಳು.

ಜೇಬಿನಲ್ಲಿ ಮೂರು ಪುಟ ಉಳಿದಿದ್ದವು. ತೆಗೆಯಲು ಕೈ ಬರಲಿಲ್ಲ. ನನಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆದವು. ಹತ್ತಿರದ ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತೆ.

"ನಾನು ನೋಡಲೇ ಇಲ್ಲ ಕಣಮ್ಮ, ಬೆನ್ನು ತಿರುಗಿಸಿಕೊಂಡಿದ್ದೆ. ಏನಾಯ್ತು, ನೀನೇ ಹೇಳು, ನಾನು ಕೇಳ್ತೀನಿ" ಎಂದೆ.

ಸುಜಾತಾ ಸುತ್ತ ನೋಡಿ, ಸಂಕೋಚದಿಂದ ನಕ್ಕಳು.

"ಏನಿಲ್ಲ ಸಾ. ಬಂತು, ಹಿಡ್ಕಂಡೆ."